ಐದನೆಯ ತರಗತಿಯಲ್ಲಿಯೇ ಹೇಳಬೇಕಾದ ಪಾಠ

ದಕ್ಷಿಣ ಕನ್ನಡ ಜಿಲ್ಲೆಯ ಶೈಕ್ಷಣಿಕ ವಲಯಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರೂ ಒಂದಕ್ಕೊಂದು ತಾಗಿಕೊಂಡಿವೆ. ನೇತ್ರಾವತಿಯ ದಡದ ಪಾಣೆಮಂಗಳೂರಿನಿಂದ ಮೊದಲ್ಗೊಂಡು ಘಟ್ಟದ ಬುಡದ ಚಾರ್ಮಾಡಿ, ದಿಡುಪೆ, ನಾರಾವಿಗಳವರೆಗೂ, ಇತ್ತ ಶಿರ್ತಾಡಿ, ಬೆಳುವಾಯಿಗಳವರೆಗೂ ಹಬ್ಬಿರುವ ಈ ಸೀಮೆಯಲ್ಲಿ ಹಳ್ಳಿಯ ಹೆಣ್ಣುಮಗಳ ವಿದ್ಯಾಭ್ಯಾಸವು ಬಹುಮಟ್ಟಿಗೆ ಮೂರು ಕಡೆಗಳಲ್ಲಿ ಸಾಗುತ್ತದೆ: ಐದನೆಯ ತರಗತಿಯ ತನಕ ಮನೆಯ ಸಮೀಪದ ಕಿರಿಯ ಪ್ರಾಥಮಿಕ ಶಾಲೆ, ಏಳರ ತನಕ ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆ, ಅನಂತರ ಬಸ್ಸು ಹಿಡಿದು ಹೋಗಬೇಕಾದ ಪ್ರೌಢಶಾಲೆ. ಬಾಲಿಕೆಯು ಒಂದು ಶಾಲೆಯನ್ನು ಬಿಟ್ಟು ಇನ್ನೊಂದನ್ನು ಸೇರುವ ವಯಸ್ಸೂ, ಅವಳ ದೇಹವು ಋತುಧರ್ಮಕ್ಕೆ ಸಿದ್ಧವಾಗುವ ವಯಸ್ಸೂ ಒಂದೇ ಆಗಿರುವುದರಿಂದ, ಹಲವರಿಗೆ ಮೊದಲ ಮುಟ್ಟು ಕಾಣಿಸಿಕೊಳ್ಳುವುದು ಹೆಸರು ಹಿಡಿದು ಕರೆಯುವ ಅಧ್ಯಾಪಿಕೆಯೂ, ಮನಸ್ಸು ಬಿಚ್ಚಿ ಮಾತಾಡುವ ಗೆಳತಿಯೂ ಇನ್ನೂ ದೊರೆಯದ ಹೊಸ ಶಾಲೆಯಲ್ಲಿ.

ನಮ್ಮ ಪಾಠಪುಸ್ತಕಗಳಾದರೋ ಈ ವಿಷಯವನ್ನು ಎತ್ತಿಕೊಳ್ಳುವುದು ತಡವಾಗಿ. ಹದಿಹರೆಯದ ಅಧ್ಯಾಯವು ಎಂಟನೆಯ ತರಗತಿಯ ವಿಜ್ಞಾನದಲ್ಲಿಯೂ, ಸಂತಾನೋತ್ಪತ್ತಿಯ ಅಧ್ಯಾಯವು ಹತ್ತನೆಯ ತರಗತಿಯ ವಿಜ್ಞಾನದಲ್ಲಿಯೂ ಬರುತ್ತದೆ. ಎಂಟನೆಯ ತರಗತಿಯ ಹುಡುಗಿಗೆ ಹದಿಮೂರು ತುಂಬಿರುತ್ತದೆ. ಆದರೆ ಮುಟ್ಟು ಸಾಮಾನ್ಯವಾಗಿ 11ರಿಂದ 14ರ ನಡುವೆ ಎಂದಾದರೂ ಮೊದಲಾಗಬಹುದು, ಒಂಬತ್ತು ಹತ್ತರಲ್ಲಿಯೇ ಕಾಣಿಸಿಕೊಳ್ಳುವುದೂ ಉಂಟು. ಎಂದ ಮೇಲೆ, ತರಗತಿಯ ಅರ್ಧದಷ್ಟು ಮಕ್ಕಳು ಭಯದಲ್ಲಿ ನಡುಗಿ, ಅತ್ತು, ಲಂಗದ ಕಲೆಯನ್ನು ಚೀಲದಿಂದ ಮರೆಮಾಡಿಕೊಂಡು ಮನೆಗೆ ಓಡಿ, ಹೇಗೋ ಎಲ್ಲವನ್ನೂ ದಾಟಿ ಬಂದ ಬಳಿಕ ಪುಸ್ತಕವು ಅವರಿಗೆ ಸಂಗತಿಯನ್ನು ತಿಳಿಸತೊಡಗುತ್ತದೆ. ಈ ಪಾಠವು ಐದನೆಯ ತರಗತಿಯಲ್ಲಿಯೇ, ಬಾಲಿಕೆಯನ್ನು ಐದು ವರ್ಷಗಳಿಂದ ಕಂಡು ಬಲ್ಲ ಊರಿನ ಪುಟ್ಟ ಶಾಲೆಯಲ್ಲಿಯೇ ನಡೆದುಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಧ್ಯಾಪಕರಿಗೂ ತಾಯಂದಿರಿಗೂ ಶಾಲಾಭಿವೃದ್ಧಿ ಸಮಿತಿಯವರಿಗೂ ನಾನು ಮುಂದೆ ಹೇಳುವುದೆಲ್ಲವೂ ಆ ಅಭಿಪ್ರಾಯವನ್ನು ಆಶ್ರಯಿಸಿಯೇ ಇದೆ.

ಹತ್ತು ವರ್ಷದ ಮಗುವಿಗೆ ಏನನ್ನು ಹೇಳಬೇಕು, ಎಷ್ಟನ್ನು ಹೇಳಬೇಕು ಎಂಬ ಶಂಕೆ ಸಹಜವಾದುದೇ. ದೇಹಶಾಸ್ತ್ರದ ಸಮಗ್ರ ವಿವರಣೆ ಆ ವಯಸ್ಸಿಗೆ ಬೇಕಾಗಿಲ್ಲ. ಭಯವನ್ನು ನಿವಾರಿಸುವಷ್ಟು ಸತ್ಯ ಸಾಕು. ಕೆಳಹೊಟ್ಟೆಯಲ್ಲಿ ಗರ್ಭಕೋಶವೆಂಬ ಸಣ್ಣ ಅಂಗವೊಂದಿದೆ, ಅದರ ಎರಡು ಪಕ್ಕಗಳಲ್ಲಿ ಅಂಡಾಶಯಗಳಿವೆ, ಏಣೆಲು ಬೆಳೆಗೆ ಗದ್ದೆಯನ್ನು ಹದಗೊಳಿಸುವಂತೆ ಗರ್ಭಕೋಶವು ತಿಂಗಳಿಗೊಮ್ಮೆ ತನ್ನ ಒಳಪದರವನ್ನು ಮೆತ್ತಗೆ ಬೆಳೆಸಿಕೊಂಡು, ಗರ್ಭ ನಿಲ್ಲದ ತಿಂಗಳಿನಲ್ಲಿ ಆ ಪದರವನ್ನು ರಕ್ತದೊಡನೆ ಹೊರಕ್ಕೆ ಕಳುಹಿಸುತ್ತದೆ, ಇದು ಗಾಯವೂ ಅಲ್ಲ ರೋಗವೂ ಅಲ್ಲ ಎಂದು ತಿಳಿಸಿದರೆ ಮೊದಲ ದಿನದ ಮಟ್ಟಿಗೆ ಸಾಕಾಗುತ್ತದೆ. ಅದಾದ ಮೇಲೆ ಲೆಕ್ಕದ ಮಾತುಗಳನ್ನು ಹೇಳಬಹುದು. ಸ್ರಾವವು ಎರಡರಿಂದ ಏಳು ದಿನಗಳವರೆಗೆ ಇರುತ್ತದೆ. ಒಂದು ಮುಟ್ಟಿನ ಆರಂಭದಿಂದ ಇನ್ನೊಂದರ ಆರಂಭದವರೆಗೆ ಹದಿಹರೆಯದಲ್ಲಿ 21ರಿಂದ 45 ದಿನಗಳ ಅಂತರವಿರಬಹುದು. ಮೊದಲ ಎರಡು ಮೂರು ವರ್ಷ ಲೆಕ್ಕ ಏರುಪೇರಾಗುವುದು ಅಸಹಜವಲ್ಲ, ಏಕೆಂದರೆ ಆ ಕಾಲದಲ್ಲಿ ಪ್ರತಿ ತಿಂಗಳೂ ಅಂಡಾಣು ಬಿಡುಗಡೆಯಾಗುವ ಕ್ರಮ ಇನ್ನೂ ನೆಲೆಗೊಂಡಿರುವುದಿಲ್ಲ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಒಟ್ಟಿಗೆ ಸುಮಾರು 30–40 ಮಿಲಿಲೀಟರ್, ಎಂದರೆ ಆರೇಳು ಚಹಾ ಚಮಚದಷ್ಟು. ಬಟ್ಟೆಯಲ್ಲಿ ಹರಡಿ ಕಾಣುವ ಕೆಂಪನ್ನು ನೋಡಿ ದೇಹದ ರಕ್ತವೆಲ್ಲ ಬಸಿದುಹೋಗುತ್ತಿದೆಯೆಂದು ದಿಗಿಲುಬೀಳುವ ಮಗುವಿಗೆ ಈ ಒಂದು ಅಂಕಿಯು ಎಷ್ಟು ಸಮಾಧಾನವನ್ನು ಕೊಡುತ್ತದೆ ಎಂಬುದನ್ನು ಹೇಳಿ ನೋಡಿದವರೇ ಬಲ್ಲರು.

ಕನ್ನಡದಲ್ಲಿ ಇಂತಹ ಮಾತನ್ನು ಅಂಜದೆ ಹೇಳುವುದಕ್ಕೆ ಹಿಂದಿನವರ ಮೇಲ್ಪಂಕ್ತಿ ಇಲ್ಲದಿಲ್ಲ. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ಹದಿಹರೆಯದ ಹುಡುಗಿಯರಿಗೆಂದೇ ‘ಕೇಳು ಕಿಶೋರಿ’ ಎಂಬ ಪುಸ್ತಕವನ್ನು ಬರೆದರು. ಶಾಲೆಯ ಗ್ರಂಥಭಂಡಾರದಲ್ಲಿ ಅದರ ಒಂದು ಪ್ರತಿ ಬೀಗದೊಳಗಿರದೆ, ಕೈಗೆಟಕುವ ಅಟ್ಟಣೆಯಲ್ಲಿ ಇರತಕ್ಕದ್ದು.

ಪಾಠವನ್ನು ಹೇಳುವವರು ಯಾರು? ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬಿಬ್ಬರೇ ಅಧ್ಯಾಪಕರಿರುವುದೂ, ಅವರು ಗಂಡಸರಾಗಿರುವುದೂ ನಮ್ಮಲ್ಲಿ ಅಪೂರ್ವವಲ್ಲ. ಅಂತಹ ಕಡೆಗಳಲ್ಲಿ ಆಶಾ ಕಾರ್ಯಕರ್ತೆಯನ್ನಾಗಲಿ, ಉಪಕೇಂದ್ರದ ಆರೋಗ್ಯ ಸಹಾಯಕಿಯನ್ನಾಗಲಿ, ಶಾಲೆಯ ಅಂಗಳಕ್ಕೆ ತಾಗಿಯೇ ಇರುವ ಅಂಗನವಾಡಿಯ ಕಾರ್ಯಕರ್ತೆಯನ್ನಾಗಲಿ ಕರೆಸಬಹುದು; ಇವರು ಮನೆಮನೆಯನ್ನು ಬಲ್ಲವರು, ತುಳುವಿನಲ್ಲಿಯೋ ಬ್ಯಾರಿ ಭಾಷೆಯಲ್ಲಿಯೋ ಕೊಂಕಣಿಯಲ್ಲಿಯೋ ಮಗುವಿನ ಮನೆಮಾತಿನಲ್ಲಿಯೇ ವಿಷಯವನ್ನು ತಿಳಿಸಬಲ್ಲವರು. ಹಾಗೆಂದು ಅಧ್ಯಾಪಕನು ಆ ಗಳಿಗೆಯಲ್ಲಿ ಹೊರಕ್ಕೆ ಎದ್ದುಹೋಗುವುದು ಒಳ್ಳೆಯದಲ್ಲ. ಅವನು ಮೊದಲಿಗೆ ಎರಡು ಮಾತಾಡಿ, ‘ಶಾಲೆಯಲ್ಲಿ ಮುಟ್ಟಾದರೆ ನನ್ನ ಬಳಿಯೂ ಹೇಳಬಹುದು, ಪ್ಯಾಡ್ ಇಂತಹ ಕಪಾಟಿನಲ್ಲಿದೆ’ ಎಂದು ತಿಳಿಸಿಯೇ ಮುಂದಿನ ಭಾಗವನ್ನು ಆಕೆಗೆ ಒಪ್ಪಿಸಬೇಕು. ಗಂಡುಮಕ್ಕಳನ್ನು ಆಟಕ್ಕೆ ಬಿಟ್ಟು ಹೆಣ್ಣುಮಕ್ಕಳನ್ನು ಮಾತ್ರ ಕೋಣೆಯೊಳಗೆ ಕೂಡಿಸಿ ಬಾಗಿಲಿಕ್ಕಿಕೊಳ್ಳುವ ಪದ್ಧತಿಯನ್ನು ನಾನು ಒಪ್ಪಲಾರೆ. ಆರೋಗ್ಯರಕ್ಷಣೆಯ ಸೂಕ್ಷ್ಮ ವಿವರಗಳನ್ನು ಹುಡುಗಿಯರಿಗೆ ಬೇರೆಯಾಗಿ ಹೇಳಿದರೂ ಹೇಳಬಹುದು. ಮೂಲಸಂಗತಿಯನ್ನು ಇಬ್ಬರಿಗೂ ಒಟ್ಟಿಗೆ ತಿಳಿಸಬೇಕು. ಲಂಗದ ಮೇಲಿನ ಕಲೆಯನ್ನು ಕಂಡು ನಗುವ ಹುಡುಗನು ದುಷ್ಟನಾಗಿರಬೇಕೆಂದಿಲ್ಲ, ಅವನಿಗೆ ಯಾರೂ ಏನೂ ಹೇಳದೆ ಇದ್ದುದರಿಂದ ಅವನು ನಗುತ್ತಾನೆ.

ಪಾಠವನ್ನು ಎಲ್ಲಿಂದ ಆರಂಭಿಸುವುದೆಂದು ತೋಚದ ಅಧ್ಯಾಪಕರಿಗೆ ಈ ನೆಲವೇ ಒಂದು ದಾರಿಯನ್ನು ಒದಗಿಸಿದೆ. ತುಳುವರ ಪೊನ್ನಿ ತಿಂಗಳ ಕೊನೆಯಲ್ಲಿ, ಫೆಬ್ರವರಿಯ ನಡುಭಾಗದ ಸುಮಾರಿಗೆ, ಮೂರು ದಿನಗಳ ಕೆಡ್ಡಸವನ್ನು ಆಚರಿಸುತ್ತಾರೆ. ಭೂಮಿತಾಯಿಯು ಆ ಮೂರು ದಿನ ಋತುಮತಿಯಾಗಿರುವಳೆಂಬ ನಂಬಿಕೆಯಿಂದ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ, ಹಸಿ ಮರವನ್ನು ಕಡಿಯುವುದಿಲ್ಲ. ಕೊನೆಯ ದಿನ ಮನೆಯ ಹೆಂಗಸರು ಭೂಮಿಗೆ ಎಣ್ಣೆಯನ್ನೆರೆದು ಸ್ನಾನದ ಉಪಚಾರವನ್ನು ಸಲ್ಲಿಸುತ್ತಾರೆ. ಒಡಿಶಾದ ರಜಪರ್ವದಲ್ಲಿಯೂ, ಅಸ್ಸಾಮಿನ ಕಾಮಾಖ್ಯೆಯ ಅಂಬುಬಾಚಿಯಲ್ಲಿಯೂ ಇದೇ ಭಾವನೆಯ ಬೇರೆ ರೂಪಗಳನ್ನು ಕಾಣಬಹುದು. ನಮ್ಮ ಹಿರಿಯರು ನೆಲದ ಮುಟ್ಟನ್ನು ಫಲವತ್ತತೆಯ ಲಕ್ಷಣವೆಂದು ಗೌರವಿಸಿ, ಆಕೆಗೆ ವಿಶ್ರಾಂತಿಯನ್ನು ಕೊಟ್ಟು, ಊರೆಲ್ಲ ತಿಳಿಯುವಂತೆ ಆಚರಿಸುತ್ತ ಬಂದಿದ್ದಾರೆ. ಮನೆಯಲ್ಲಿ ಹುರಿದ ಅಕ್ಕಿ-ಹುರುಳಿಯನ್ನು ತಿಂದು ಶಾಲೆಗೆ ಬರುವ ಮಕ್ಕಳಿಗೆ ಕೆಡ್ಡಸದ ದಿನವೇ ಈ ಪಾಠವನ್ನು ಆರಂಭಿಸಿದರೆ ಅರ್ಧ ಸಂಕೋಚ ತಾನಾಗಿಯೇ ಕರಗುತ್ತದೆ; ಐದನೆಯ ತರಗತಿಯವರು ಆ ಶಾಲೆಯನ್ನು ಬಿಡುವುದಕ್ಕೆ ಇನ್ನೆರಡು ತಿಂಗಳಿರುವ ಹೊತ್ತು ಅದು.

ಆಚಾರದ ಮಾತು ಬಂದುದರಿಂದ ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೊರಗಾದವಳು ಮಲ್ಲಿಗೆಯ ಗಿಡವನ್ನು ಮುಟ್ಟಿದರೆ ಬಾಡುತ್ತದೆ, ಉಪ್ಪಿನಕಾಯಿಯ ಭರಣಿಯನ್ನು ಮುಟ್ಟಿದರೆ ಕೆಡುತ್ತದೆ, ಮುಟ್ಟಿನ ಬಟ್ಟೆಯನ್ನು ಹಾವು ದಾಟಿದರೆ ದೋಷ ತಗಲುತ್ತದೆ ಎಂಬ ಮಾತುಗಳು ನಮ್ಮಲ್ಲಿ ಮಾತ್ರ ಇದ್ದುವೆಂದು ತಿಳಿಯಬೇಕಾಗಿಲ್ಲ. 1920ರಲ್ಲಿ ವಿಯೆನ್ನಾದ ಪ್ರಸಿದ್ಧ ಮಕ್ಕಳ ವೈದ್ಯ ಬೇಲಾ ಶಿಕ್ ಎಂಬಾತನೇ ಮುಟ್ಟಾದವಳ ಕೈಯಲ್ಲಿ ಹೂ ಬೇಗ ಬಾಡಿತೆಂದು ನಂಬಿ, ಮುಟ್ಟಿನ ಕಾಲದಲ್ಲಿ ದೇಹದಿಂದ ಒಂದು ವಿಷ ಹೊರಡುವುದೆಂಬ ವಾದವನ್ನು ಪ್ರಕಟಿಸಿದನು. ಆ ವಿಷವನ್ನು ಹುಡುಕುತ್ತ ಹಲವು ದಶಕಗಳು ಕಳೆದುವು, ವಿಷವು ಮಾತ್ರ ಸಿಕ್ಕಲಿಲ್ಲ. ಅದಕ್ಕಿಂತ ಸುಮಾರು ಏಳೂವರೆ ನೂರು ವರ್ಷ ಹಿಂದೆಯೇ ಕನ್ನಡನಾಡಿನ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ಅವುಗಳಲ್ಲಿ ರಜಸ್ಸೂತಕವೂ ಒಂದಾಗಿತ್ತು. ಮನೆಯ ದೇವರ ಕೋಣೆಯ ಕಟ್ಟಳೆಯನ್ನು ಮುರಿಯುವುದಕ್ಕೆ ಅಧ್ಯಾಪಿಕೆಯು ಹೊರಡಬೇಕಾಗಿಲ್ಲ, ಹೊರಟರೆ ತಾಯಿ ಮಗಳ ನಡುವೆ ಕಲಹವೆದ್ದು ಪಾಠವೇ ನಿಂತುಹೋದೀತು. ಆದರೆ ಮುಟ್ಟಿನ ರಕ್ತದಲ್ಲಿ ಅಶುಚಿಯಾದುದು ಯಾವುದೂ ಇಲ್ಲವೆಂಬ ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಬಿಸಿಯೂಟದ ಪಂಕ್ತಿಯಲ್ಲಾಗಲಿ ಬೆಂಚಿನಲ್ಲಾಗಲಿ ಆಟದ ಬಯಲಿನಲ್ಲಾಗಲಿ ಆ ಕಾರಣದಿಂದ ಯಾರನ್ನೂ ದೂರವಿರಿಸಲಾಗದು. ಮನೆಯಲ್ಲಿ ಆಚಾರವಿದ್ದರೂ ಸ್ನಾನ, ಒಣಗಿದ ಬಟ್ಟೆ, ಬೆಚ್ಚಗಿನ ಹಾಸಿಗೆ, ಹೊಟ್ಟೆ ತುಂಬ ಊಟ ಎಂಬ ನಾಲ್ಕನ್ನು ಮಗುವಿಗೆ ತಪ್ಪಿಸಕೂಡದೆಂದು ತಾಯಂದಿರ ಸಭೆಯಲ್ಲಿ ವಿನಯದಿಂದ ಕೇಳಿಕೊಳ್ಳಬಹುದು. ಮೊದಲ ದಿನ ಸ್ನಾನ ಮಾಡಬಾರದೆಂಬುದಕ್ಕೆ ವೈದ್ಯದ ಆಧಾರವಿಲ್ಲ. ಓಟ, ಖೋ-ಖೋ, ವಾಲಿಬಾಲ್ ಆಡುವುದಕ್ಕೂ ಅಡ್ಡಿಯಿಲ್ಲ. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಓಡುವ ಹುಡುಗಿಯರು ಕ್ಯಾಲೆಂಡರನ್ನು ನೋಡಿ ಓಡುವವರಲ್ಲ.

ಇನ್ನು ಶಾಲೆಯ ದಿನಚರಿಯನ್ನು ಲೆಕ್ಕಹಾಕೋಣ. ಬೆಳ್ತಂಗಡಿ ತಾಲೂಕಿನ ಘಟ್ಟದಂಚಿನ ಊರಿನಿಂದ ಬರುವ ಹುಡುಗಿಯು ಬೆಳಗ್ಗೆ ಏಳೂವರೆಗೆ ಮನೆಯಿಂದ ಹೊರಟು, ತೋಟದ ಬದುವನ್ನೂ ಕಾಲುಸಂಕವನ್ನೂ ದಾಟಿ ಬಸ್ಸನ್ನು ಹಿಡಿದು, ಸಾಯಂಕಾಲ ಐದೂವರೆಗೆ ಮರಳುತ್ತಾಳೆ. ಬಟ್ಟೆಯಾಗಲಿ ಪ್ಯಾಡ್ ಆಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸತಕ್ಕ ವಸ್ತು. ಹತ್ತು ಗಂಟೆಯ ಈ ಅವಧಿಯಲ್ಲಿ ಅವಳು ಶಾಲೆಯಲ್ಲಿ ಕಡಿಮೆಯೆಂದರೆ ಒಮ್ಮೆ, ಸ್ರಾವ ಹೆಚ್ಚಿರುವ ಎರಡನೆಯ ದಿನ ಎರಡು ಬಾರಿ ಬದಲಾಯಿಸಲೇಬೇಕು. ಅದಕ್ಕೆ ಬೇಕಾದುದು ಒಳಗಿನಿಂದ ಭದ್ರವಾಗಿ ಬೀಳುವ ಚಿಲಕ, ಬಾಲ್ದಿಯಲ್ಲಿ ನೀರು, ಸಾಬೂನು, ಚೀಲವನ್ನು ತೂಗುಹಾಕುವುದಕ್ಕೆ ಗೋಡೆಯಲ್ಲೊಂದು ಮೊಳೆ, ಮುಚ್ಚಳವಿರುವ ಡಬ್ಬಿ. ಮೊಳೆ ಎಷ್ಟರ ವಸ್ತು ಎಂದು ತಳ್ಳಿಹಾಕಬಾರದು. ಒದ್ದೆ ನೆಲದ ಮೇಲೆ ಇಡಲಾರದೆ ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಟ್ಟೆ ಬದಲಾಯಿಸುವ ಮಗುವಿನ ಕಷ್ಟವನ್ನು ಆ ಒಂದು ಮೊಳೆ ತೀರಿಸುತ್ತದೆ. ಪ್ರತಿವರ್ಷ ಮೇ 28ನ್ನು ಮುಟ್ಟಿನ ನೈರ್ಮಲ್ಯದ ದಿನವೆಂದು ಲೋಕವೆಲ್ಲ ಆಚರಿಸುತ್ತದೆ. ಐದು ದಿನಗಳ ಸ್ರಾವ, 28 ದಿನಗಳ ಚಕ್ರ ಎಂಬ ಲೆಕ್ಕದಿಂದ ಐದನೆಯ ತಿಂಗಳ ಆ ತಾರೀಕನ್ನು ಆರಿಸಿದ್ದಾರೆ. ನಮ್ಮಲ್ಲಿ ಅದು ಬೇಸಗೆಯ ರಜೆ ಮುಗಿದು ಶಾಲೆಗಳು ಮತ್ತೆ ತೆರೆಯುವ ಹೊತ್ತು. ಸಭೆ-ಭಾಷಣಗಳಿಗಿಂತ ಮೊದಲು ಅಂದು ಸಮಿತಿಯ ಸದಸ್ಯರು ಹುಡುಗಿಯರ ಶೌಚಾಲಯದ ಚಿಲಕವನ್ನು ಎಳೆದು ನೋಡಲಿ.

ಏಕೆಂದರೆ ಅದರ ಬೆನ್ನಿಗೇ ಮಳೆಗಾಲವು ಬರುತ್ತದೆ, ನಮ್ಮ ಸೀಮೆಯ ಮಳೆಗಾಲವು ಈ ವಿಷಯದಲ್ಲಿ ತನ್ನದೇ ಆದ ಕಷ್ಟವನ್ನು ತರುತ್ತದೆ. ಹತ್ತಿಬಟ್ಟೆಯನ್ನು ಉಪಯೋಗಿಸುವವರಿಗೆ ಎಲ್ಲ ಪುಸ್ತಕಗಳೂ ಕೊಡುವ ಉಪದೇಶವು ಒಂದೇ: ತಣ್ಣೀರಿನಲ್ಲಿ ನೆನೆಸಿ, ಸಾಬೂನಿನಿಂದ ಒಗೆದು, ನೇರ ಬಿಸಿಲಿನಲ್ಲಿ ಒಣಗಿಸಬೇಕು. ಜೂನಿನಿಂದ ಆಗಸ್ಟಿನವರೆಗೆ ಬಿಸಿಲೆಲ್ಲಿಂದ ಬರಬೇಕು? ಸಂಕೋಚದಿಂದ ಬಟ್ಟೆಯನ್ನು ಇನ್ನೊಂದು ಸೀರೆಯಡಿಯಲ್ಲಿಯೋ ಕೊಟ್ಟಿಗೆಯ ಮೂಲೆಯಲ್ಲಿಯೋ ಹರವಿ, ಅರೆಒಣಗಿದುದನ್ನೇ ಮತ್ತೆ ಧರಿಸಿದರೆ ತೊಡೆಯ ಸಂದಿಯಲ್ಲಿ ತುರಿಕೆ, ಬೂಸಲಿನ ಸೋಂಕು ತಪ್ಪಿದ್ದಲ್ಲ. ಆದುದರಿಂದ ಬಟ್ಟೆಯನ್ನೇ ನೆಚ್ಚಿರುವ ಮನೆಗಳಲ್ಲಿಯೂ ಮಳೆಗಾಲದ ಮಟ್ಟಿಗೆ ಪ್ಯಾಡನ್ನು ಉಪಯೋಗಿಸುವುದು ಕ್ಷೇಮ. ಬಟ್ಟೆಯೇ ಬೇಕೆಂದಾದರೆ ಜೊತೆಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡು, ಗಾಳಿಯಾಡುವಲ್ಲಿ ಒಣಗಿಸಿ, ಕೊನೆಗೆ ಇಸ್ತ್ರಿಯನ್ನು ಹಾಯಿಸಿ ಪೂರ್ತಿ ಒಣಗಿತೆಂದು ಖಚಿತವಾದ ಮೇಲೆಯೇ ಮಡಚಿಡಬೇಕು. ಬೇಸಗೆಯಲ್ಲಿ ಬಟ್ಟೆಯಷ್ಟು ಸುಲಭವೂ ಅಗ್ಗವೂ ಆದುದು ಇನ್ನೊಂದಿಲ್ಲ. ಅದನ್ನು ಹಳೆಯ ಕಾಲದ ವಸ್ತುವೆಂದು ಹೀನವಾಗಿ ಕಾಣುವ ಅಗತ್ಯವಿಲ್ಲ.

ಪ್ಯಾಡಿನ ಖರ್ಚಿನ ಮಾತು ಹೀಗಿದೆ. ಕರ್ನಾಟಕ ಸರಕಾರವು 2013–14ರಲ್ಲಿ ‘ಶುಚಿ’ ಯೋಜನೆಯನ್ನು ಆರಂಭಿಸಿ ಸರಕಾರಿ ಶಾಲೆ, ವಸತಿನಿಲಯಗಳ ಹದಿಹರೆಯದ ಹೆಣ್ಣುಮಕ್ಕಳಿಗೆ ಉಚಿತವಾಗಿ ಪ್ಯಾಡುಗಳನ್ನು ಹಂಚತೊಡಗಿತು. ನಡುವೆ ಕೆಲವು ವರ್ಷ ಅದು ನಿಂತುಹೋಗಿ, 2024ರಲ್ಲಿ ಮತ್ತೆ ಮೊದಲಾಯಿತು. ನಿಂತುಹೋದ ಆ ವರ್ಷಗಳ ಅನುಭವದಿಂದ ಶಾಲೆಗಳು ತಮ್ಮದೇ ಆದ ಸಣ್ಣ ದಾಸ್ತಾನನ್ನು ಇಟ್ಟುಕೊಳ್ಳುವುದನ್ನು ಕಲಿಯಬೇಕು. 2018ರ ಜುಲೈಯಲ್ಲಿ ಪ್ಯಾಡುಗಳ ಮೇಲಿನ ಜಿಎಸ್‌ಟಿ ರದ್ದಾಯಿತು. 2019ರ ಆಗಸ್ಟಿನಲ್ಲಿ ಜನೌಷಧಿ ಕೇಂದ್ರಗಳ ‘ಸುವಿಧಾ’ ಪ್ಯಾಡಿನ ಬೆಲೆಯನ್ನು ಒಂದಕ್ಕೆ ಒಂದು ರೂಪಾಯಿಗೆ ಇಳಿಸಿದರು. ಬೀಡಿ ಕಟ್ಟಿ ಮನೆಯನ್ನು ತೂಗಿಸುವ ತಾಯಂದಿರು ಈ ಮೂರು ತಾಲೂಕುಗಳಲ್ಲಿ ಮನೆಮನೆಯಲ್ಲಿಯೂ ಇರುವುದರಿಂದ ಈ ಅಂಕಿಗಳನ್ನು ಅವರಿಗೆ ತಿಳಿಸುವುದು ಸಣ್ಣ ಉಪಕಾರವಲ್ಲ.

ಮುಟ್ಟಿನ ಕಪ್ಪಿನ ವಿಚಾರವಾಗಿಯೂ ಎರಡು ಮಾತು. 2022ರಲ್ಲಿ ಸರಕಾರವು ‘ಮೈತ್ರಿ’ ಎಂಬ ಹೆಸರಿನಲ್ಲಿ ಕಪ್ಪನ್ನು ಪ್ರಯೋಗಾರ್ಥವಾಗಿ ಹಂಚುವುದಕ್ಕೆ ಆರಿಸಿಕೊಂಡ ಜಿಲ್ಲೆಗಳು ಎರಡೇ, ಚಾಮರಾಜನಗರ ಮತ್ತು ದಕ್ಷಿಣ ಕನ್ನಡ. ಸಿಲಿಕೋನಿನ ಈ ಕಪ್ಪನ್ನು ಒಳಗೆ ಧರಿಸಿ ಎಂಟರಿಂದ ಹನ್ನೆರಡು ಗಂಟೆಗೊಮ್ಮೆ ಖಾಲಿಮಾಡಿ ತೊಳೆಯಬೇಕು, ಪ್ರತಿ ಮುಟ್ಟಿನ ಮೊದಲೂ ಕೊನೆಗೂ ಕುದಿಯುವ ನೀರಿನಲ್ಲಿ ಕುದಿಸಬೇಕು. ಜೋಪಾನದಿಂದ ಇಟ್ಟುಕೊಂಡರೆ ಹಲವು ವರ್ಷ ಬಾಳುತ್ತದೆ. ಒಣಗಿಸುವ ತಾಪತ್ರಯವಿಲ್ಲದ ಕಾರಣ ನಮ್ಮ ಮಳೆಗಾಲಕ್ಕೆ ಇದು ಯೋಗ್ಯವೇ ಸರಿ. ಆದರೂ ಹನ್ನೆರಡರ ಮಗುವಿನ ಮೇಲೆ ಇದನ್ನು ಹೇರಬಾರದು. ತನ್ನ ದೇಹದ ಪರಿಚಯವಾದ ಬಳಿಕ, ಆರೋಗ್ಯ ಸಹಾಯಕಿಯಿಂದ ಕ್ರಮವನ್ನು ತಿಳಿದುಕೊಂಡು, ಬೇಕೆನಿಸಿದವಳು ಆರಿಸಿಕೊಳ್ಳಲಿ.

ಉಪಯೋಗಿಸಿದ ಪ್ಯಾಡು ಎಲ್ಲಿಗೆ ಹೋಗಬೇಕು? ನಮ್ಮ ಮನೆಗಳಲ್ಲಿ ಅದು ಬಚ್ಚಲಿನ ಹಂಡೆಯ ಒಲೆಗೆ ಹೋಗುತ್ತದೆ. ಹತ್ತಿಬಟ್ಟೆಯ ಕಾಲದಲ್ಲಿ ಅದರಿಂದ ಕೇಡಾಗುತ್ತಿರಲಿಲ್ಲ. ಈಗಿನ ಪ್ಯಾಡಿನಲ್ಲಿ ಬಹುಪಾಲು ಪ್ಲಾಸ್ಟಿಕ್ಕೂ ನೀರು ಹೀರುವ ರಾಸಾಯನಿಕವೂ ಇದ್ದು, ಕಡಿಮೆ ಉಷ್ಣದಲ್ಲಿ ಸುಟ್ಟಾಗ ಅದರ ಹೊಗೆಯಲ್ಲಿ ಡಯಾಕ್ಸಿನ್ ಮುಂತಾದ ವಿಷಗಳು ಹುಟ್ಟುತ್ತವೆ, ಒಲೆಯ ಮುಂದೆ ಕುಳಿತು ಬೆಂಕಿ ಮಾಡುವವರ ಶ್ವಾಸಕ್ಕೆ ಸೇರುತ್ತವೆ. ಶಾಲೆಗಳಿಗೆ ದಾನವಾಗಿ ಬರುವ ಸಣ್ಣ ವಿದ್ಯುತ್ ದಹನಯಂತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. 800 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲ್ಪಟ್ಟ ಉಷ್ಣವಿಲ್ಲದ ಯಂತ್ರವನ್ನು ದಾನವಾಗಿಯೂ ಸ್ವೀಕರಿಸದಿರುವುದೇ ಮೇಲು. 2016ರ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಪ್ಯಾಡನ್ನು ಕಾಗದದಲ್ಲಿ ಭದ್ರವಾಗಿ ಸುತ್ತಿ ಒಣಕಸಕ್ಕೆ ಕೊಡಬೇಕೆಂದು ವಿಧಿಸಿದ್ದುವು. ಬೇರೆ ಕಸದೊಳಗೆ ಅಡಗಿಸದೆ, ಹೊರಗಿನಿಂದ ಗುರುತು ಹತ್ತುವಂತೆ ಪ್ರತ್ಯೇಕವಾಗಿ ಕೊಡುವುದು ಒಳ್ಳೆಯದು. ಪಂಚಾಯತಿನ ಘಟಕದಲ್ಲಿ ಆ ಕಸವನ್ನು ಕೈಯಿಂದ ಬೇರ್ಪಡಿಸುವವರಲ್ಲಿ ಅನೇಕರು ಸ್ವಸಹಾಯ ಸಂಘದ ಹೆಂಗಸರು; ನಮ್ಮ ಮಗಳ ಸಂಕೋಚವನ್ನು ಕಾಯುವುದಕ್ಕಾಗಿ ಇನ್ನೊಬ್ಬ ಹೆಂಗಸಿನ ಕೈಯನ್ನು ಮಲಿನಗೊಳಿಸುವುದು ನ್ಯಾಯವಲ್ಲ.

ಆಹಾರದ ವಿಷಯದಲ್ಲಿ ಚಿಂತೆಯುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಇದಕ್ಕಾಗಿಯೇ ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆಯನ್ನು ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ ಫೋಲಿಕ್ ಆಮ್ಲವೂ ಇವೆ. ಬರಿಯ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುವುದರಿಂದ ಬಿಸಿಯೂಟದ ಬಳಿಕವೇ ಕೊಡಬೇಕು. ಮಲ ಕಪ್ಪಾಗುವುದೆಂದು ಮೊದಲೇ ತಿಳಿಸದೆ ಇದ್ದರೆ ಹೆದರಿದ ಮಗು ಮುಂದಿನ ವಾರದ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುತ್ತದೆ. ಮನೆಯಲ್ಲಿ ಹುರುಳಿಸಾರು, ನುಗ್ಗೆಸೊಪ್ಪು, ಹರಿವೆ, ಮಳೆಗಾಲದ ತಜಂಕು, ತಿನ್ನುವವರಾದರೆ ಬೂತಾಯಿ, ಬಂಗುಡೆ, ಇವುಗಳ ಮೇಲೆ ನಿಂಬೆಯ ನಾಲ್ಕು ಹನಿ ಬಿದ್ದರೆ ಕಬ್ಬಿಣಾಂಶವು ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಯುವ ಅಭ್ಯಾಸವು ಅದನ್ನು ತಡೆಯುತ್ತದೆ. ಚಹಾ ಒಂದು ಗಂಟೆ ತಡೆಯಲಿ.

ಹೊಟ್ಟೆನೋವು ಬಂದಾಗ ಕೆಳಹೊಟ್ಟೆಗೆ ಬಿಸಿನೀರಿನ ಶಾಖ, ಸ್ವಲ್ಪ ನಡಿಗೆ, ವೈದ್ಯರು ಹೇಳಿದ ನೋವಿನ ಮಾತ್ರೆ ಸಾಮಾನ್ಯವಾಗಿ ಸಾಕಾಗುತ್ತವೆ. ಗರ್ಭಕೋಶವನ್ನು ಸಂಕುಚಿಸುವ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯದಿಂದ ಆ ನೋವು ಹುಟ್ಟುತ್ತದೆಯಾದುದರಿಂದ ಅದನ್ನು ನಟನೆಯೆಂದು ತಳ್ಳಿಹಾಕುವುದು ಅಜ್ಞಾನ. ಪ್ರತಿ ತಿಂಗಳೂ ಶಾಲೆ ತಪ್ಪುವಷ್ಟು ನೋವಿದ್ದರೆ, ಪ್ಯಾಡು ಗಂಟೆ ಎರಡು ಗಂಟೆಗೇ ತೊಯ್ದುಹೋಗುತ್ತಿದ್ದರೆ, ಏಳು ದಿನ ಮೀರಿಯೂ ಸ್ರಾವ ನಿಲ್ಲದಿದ್ದರೆ, ಒಮ್ಮೆ ಮೊದಲಾದ ಮುಟ್ಟು ಮೂರು ತಿಂಗಳು ಕಾಣದಿದ್ದರೆ, ಹದಿನೈದು ತುಂಬಿದರೂ ಋತುಮತಿಯಾಗದಿದ್ದರೆ ಕಾಯುತ್ತ ಕೂರಬಾರದು. ಬಂಟ್ವಾಳ, ಬೆಳ್ತಂಗಡಿಗಳ ತಾಲೂಕು ಆಸ್ಪತ್ರೆಗಳಲ್ಲಿ, ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಹದಿಹರೆಯದವರಿಗೆಂದೇ ಸರಕಾರವು ನಡೆಸುವ ಆಪ್ತಸಲಹೆಯ ವಿಭಾಗವನ್ನು ನಮ್ಮ ರಾಜ್ಯದಲ್ಲಿ ‘ಸ್ನೇಹಾ ಕ್ಲಿನಿಕ್’ ಎಂದು ಕರೆಯುತ್ತಾರೆ, ಆ ಹೆಸರನ್ನು ಹೇಳಿ ಕೇಳಿದರೆ ದಾರಿ ತೋರಿಸುತ್ತಾರೆ. ಮೂಡುಬಿದಿರೆ, ಉಜಿರೆಗಳ ವಸತಿನಿಲಯಗಳಲ್ಲಿ ದೂರದ ಊರುಗಳಿಂದ ಬಂದು ನಿಂತಿರುವ ಹುಡುಗಿಯರಿಗೆ ಈ ದಾರಿಯನ್ನು ಅವರು ಸೇರಿದ ಮೊದಲ ವಾರದಲ್ಲಿಯೇ ನಿಲಯಪಾಲಕಿಯು ತಿಳಿಸಿರಬೇಕು.

ಪ್ರತಿಯೊಬ್ಬ ಬಾಲಿಕೆಯೂ ಮೊದಲ ಮುಟ್ಟಿನಿಂದಲೇ ತಾರೀಕುಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿಯೋ ಗೋಡೆಯ ಕ್ಯಾಲೆಂಡರಿನಲ್ಲಿಯೋ ಗುರುತುಹಾಕಿಕೊಳ್ಳುವ ಅಭ್ಯಾಸವನ್ನು ಮಾಡಿಸಬೇಕು. ಎಂದು ಬಂದಿತು, ಎಂದು ನಿಂತಿತು, ಎಷ್ಟು ಪ್ಯಾಡು ಬೇಕಾದುವು, ನೋವಿತ್ತೇ ಎಂಬಷ್ಟು ಸಾಕು. ವೈದ್ಯರು ಮೊದಲು ಕೇಳುವುದೂ ಅದನ್ನೇ. ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ತಾಯಿಯು ಜೊತೆಗಿದ್ದರೂ ಪುಸ್ತಕವನ್ನು ಮಗಳ ಕೈಯಲ್ಲಿಯೇ ಕೊಟ್ಟು, ವೈದ್ಯರ ಪ್ರಶ್ನೆಗಳಿಗೆ ಉತ್ತರವನ್ನು ಅವಳ ಬಾಯಿಂದಲೇ ಹೇಳಿಸಬೇಕು.